ನೀರುನಾಯಿಯ ನೆರೆಯಲ್ಲಿ ವಿರುಪಾಪುರ ಗಡ್ಡೆ

ತಳಕಿನಂಥ ಬಯಲುಸೀಮೆಯ ಊರಿನ ಮಕ್ಕಳಿಗೆ ಹೊಳೆಯೆಂದರೆ ಮರಳು. ಚಳ್ಳಕೆರೆ ತಾಲ್ಲೂಕಿನಲ್ಲಿ ಹರಿಯುವ ವೇದಾವತಿಯಲ್ಲಿ ವರ್ಷದ ಬಹುಕಾಲ ನೀರು ಕಾಣುವುದೇ ಅಪರೂಪ. ಅದೇ ವೇದಾವತಿ ಮುಂದೆ ಹಗರಿಯೆಂಬ ಹೆಸರು ಪಡೆದು ತುಂಗಭದ್ರೆಯನ್ನು ಸೇರುತ್ತದೆ. ನಡುಗಡ್ಡೆ, ಗದ್ದೆ, ವನ್ಯಜೀವಿ ಮೂರನ್ನೂ ಒಟ್ಟಿಗೆ ನೋಡುವ ಆಸೆಯಿದ್ದರೆ ಬಳ್ಳಾರಿ, ಹೊಸಪೇಟೆ ಮಾರ್ಗವಾಗಿ ಆ ತುಂಗಭದ್ರೆಯ ದಡಕ್ಕೇ ಹೋಗಬೇಕು.

ಹಂಪಿಯ ವಿರೂಪಾಕ್ಷ ದೇವಾಲಯದ ಬಳಿಯ ಸ್ನಾನಘಟ್ಟದಲ್ಲಿ ನಿಂತರೆ ಎದುರು ದಡದಲ್ಲಿ ಕಾಣುವುದೇ ವಿರುಪಾಪುರ ಗಡ್ಡೆ. ಇದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ಸುತ್ತ ಹೆಬ್ಬಂಡೆಗಳ ಗುಡ್ಡ, ನಡುವೆ ಹಸಿರು ಹಾಸಿದಂತೆ ಭತ್ತದ ಗದ್ದೆ. ನಮ್ಮ ಶೇಂಗಾ ಹೊಲ ನೋಡಿದ ಕಣ್ಣಿಗೆ ಇದೇ ಒಂದು ಹಬ್ಬ.

ಈ ಹೊಳೆಯ ನಿಜವಾದ ನಿವಾಸಿ ನೀರುನಾಯಿ. ಹೆಸರಿನಲ್ಲಿ ನಾಯಿ ಇದ್ದರೂ ಇದು ನಾಯಿಯ ಜಾತಿಯದಲ್ಲ. ಕಾಲ್ಬೆರಳುಗಳ ನಡುವೆ ಪೊರೆ, ದಪ್ಪ ಬಾಲ, ನೀರು ಇಳಿಯದ ಒತ್ತಾದ ತುಪ್ಪಳ, ಎಲ್ಲವೂ ಈಜಿಗೆ ಹೇಳಿ ಮಾಡಿಸಿದಂತಿವೆ. ಕುಟುಂಬ ಸಮೇತ ಬೇಟೆಯಾಡುವ ಇದರ ಮುಖ್ಯ ಆಹಾರ ಮೀನು. ಬಂಡೆಯ ಮೇಲಿನ ಹಿಕ್ಕೆಯಲ್ಲಿ ಮೀನಿನ ಮುಳ್ಳು, ಹುರುಪೆ ಕಂಡರೆ ಅದು ಇಲ್ಲಿದೆಯೆಂದು ತಿಳಿಯಬಹುದು. 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು.

ಆಹಾರ ಸರಪಳಿಯ ಪಾಠ ಇಲ್ಲಿ ಕಣ್ಣೆದುರಿಗೇ ಇದೆ. ಗದ್ದೆಗೆ ಹೊಡೆದ ಕೀಟನಾಶಕವಾಗಲಿ, ವಸತಿಗೃಹದ ಕೊಳಚೆಯಾಗಲಿ ಕೊನೆಗೆ ಹೊಳೆಗೇ ಇಳಿಯುತ್ತದೆ. ಕೆಲವು ವಿಷಗಳು ಮೀನಿನ ಮೈಯಲ್ಲಿ ಶೇಖರವಾಗಿ, ಮೀನು ತಿನ್ನುವ ನೀರುನಾಯಿಯಲ್ಲಿ ಇನ್ನೂ ಹೆಚ್ಚುತ್ತವೆ. ಸಿಡಿಮದ್ದಿನಿಂದ ಮೀನು ಹಿಡಿಯುವುದು, ಮರಳು ತೆಗೆಯುವುದು ಇದರ ಅನ್ನಕ್ಕೂ ಮನೆಗೂ ಕುತ್ತು.

ಗಡ್ಡೆಯಲ್ಲಿ ಒಂದು ಕಾಲಕ್ಕೆ ವಿದೇಶಿ ಪ್ರವಾಸಿಗರಿಗಾಗಿ ಸಾಲುಸಾಲು ರೆಸಾರ್ಟ್‌ಗಳು ಎದ್ದಿದ್ದವು. ಅವು ಹಂಪಿಯ ಸಂರಕ್ಷಿತ ಪ್ರದೇಶದಲ್ಲಿ ಅಕ್ರಮವಾಗಿ ಕಟ್ಟಿದವೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಾರ್ಚ್‌ನಲ್ಲಿ ತೆರವು ನಡೆಯಿತು. ಅಲ್ಲಿ ದುಡಿಯುತ್ತಿದ್ದವರ ಕೆಲಸವೂ ಅದರೊಂದಿಗೆ ಹೋಯಿತು. ಆದ್ದರಿಂದ ಪ್ರವಾಸೋದ್ಯಮವೇ ಬೇಡವೆನ್ನುವುದು ಸರಿಯಲ್ಲ. ಹೊಳೆಯನ್ನು ಬಲ್ಲ ಸ್ಥಳೀಯರೇ ದಾರಿ ತೋರಿಸಿ ನಾಲ್ಕು ಕಾಸು ಕಾಣುವಂಥ, ಕಟ್ಟಡ ಬೇಡದ ಪ್ರವಾಸ ಬೇಕು. ನೀರುನಾಯಿ ಉಳಿದರೆ ಮಾತ್ರ ಆ ಸಂಪಾದನೆಯೂ ಉಳಿದೀತು.

ಶಾಲಾ ಪ್ರವಾಸಕ್ಕೆ ಚಳಿಗಾಲ ಹಿತ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆಗೆ ಇಳಿಯುವುದು ಅಪಾಯ. ಬೆಳಗಿನ ಜಾವ ಒಂದು ದುರ್ಬೀನು, ಒಂದು ನೋಟ್‌ಬುಕ್ ಹಿಡಿದು ದಡದ ಬಂಡೆಯ ಮೇಲೆ ಸದ್ದಿಲ್ಲದೆ ಕೂಡಬೇಕು. ಬುತ್ತಿಯ ಪ್ಲಾಸ್ಟಿಕ್ ಚೀಲವನ್ನು ಮರೆಯದೆ ಊರಿಗೆ ವಾಪಸು ತರಬೇಕು.