ಹಂದಿಕಿವಿಯ ವಲಸೆ

ಮದುವೆಯ ಹೂಗುಚ್ಛದಲ್ಲೂ ಶವಪೆಟ್ಟಿಗೆಯ ಮೇಲೂ ಒಂದೇ ಬಿಂಕದಿಂದ ಕೂರುವ ಬಿಳಿ ಹೂ ಅರಮ್ ಲಿಲಿ. ಹೆಸರಿಗೆ ಲಿಲಿ, ಕುಲದಲ್ಲಿ ಮಲೆನಾಡಿನ ಕೆಸುವಿನ ಬಂಧು. ಹೂವೆಂದು ಕಾಣುವ ಆ ಬಿಳಿ ಆಲಿಕೆ ನಿಜಕ್ಕೂ ಒಂದು ಎಲೆ. ನಡುವಿನ ಹಳದಿ ದಂಟಿಗೆ ಒತ್ತಾಗಿ ಅಂಟಿದ ಚುಕ್ಕೆಗಳೇ ಅಸಲಿ ಹೂಗಳು!

1753ರಲ್ಲಿ ಲಿನೇಯಸ್ ಇದಕ್ಕೆ ಇಥಿಯೋಪಿಯಾದ ಹೆಸರು ಕಟ್ಟಿದ. ಆ ಕಾಲದಲ್ಲಿ ಆ ಮಾತಿಗೆ ಆಫ್ರಿಕಾದ್ದು ಎಂದಷ್ಟೇ ಅರ್ಥ. ಇದರ ತವರು ದಕ್ಷಿಣ ಆಫ್ರಿಕಾದ ಜೌಗು ನೆಲ. ಅಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲಿ ಇದು ಬರೀ ‘ಹಂದಿಕಿವಿ’. ಮುಳ್ಳುಹಂದಿ ಇದರ ಗಡ್ಡೆಯನ್ನು ಅಗೆದು ತಿನ್ನುತ್ತದೆ. ಪುಟ್ಟ ಕಪ್ಪೆಯೊಂದು ಹೂವಿನೊಳಗೆ ಅಡಗಿ ಕೂರುತ್ತದೆ.

ತೋಟದ ಅಂದಕ್ಕೆಂದು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಒಯ್ದರು. ಗಿಡ ಹೋಯಿತು, ಮುಳ್ಳುಹಂದಿ ಹೋಗಲಿಲ್ಲ. ಹಣ್ಣು ತಿಂದ ಹಕ್ಕಿಗಳು ಬೀಜ ಹರಡಿದವು. ಬೇಲಿಯಾಚೆ ಎಸೆದ ಕಸದಲ್ಲಿ ಗಡ್ಡೆಯ ಚೂರು ಚಿಗುರಿತು. ಈಗ ತೊರೆಯ ದಂಡೆಗಳಲ್ಲಿ ಬೇರೆ ಗಿಡಕ್ಕೆ ಜಾಗವೇ ಇಲ್ಲದಂತೆ ಹಬ್ಬಿದೆ. ಕಾನೂನು ಇದನ್ನು ಕಳೆಯೆಂದು ಸಾರಿದೆ. ಕಿತ್ತರೂ ಮಣ್ಣಲ್ಲುಳಿದ ಚೂರು ಮತ್ತೆ ಮೊಳೆಯುತ್ತದೆ, ದನ ಮೇಯ್ದರೆ ಕೇಡು. ಆದರೆ ಹೂ ತುಂಬಿದ ದಂಡೆ ಕಂಡವರಿಗೆ ಇದು ಕಳೆಯೆಂದು ನಂಬಿಕೆಯೇ ಬಾರದು.

ಕೆಸುವಿನೆಲೆ ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದಲ್ಲ, ಅಂಥವೇ ಸೂಜಿ ಹರಳುಗಳು ಇದರ ಮೈತುಂಬ. ಪತ್ರೊಡೆಗೆ ಹುಣಸೆಹುಳಿ ಹಾಕಿ ಹದವಾಗಿ ಬೇಯಿಸುವ ಅಜ್ಜಿಗೆ ಆ ಗುಟ್ಟು ಗೊತ್ತು. ಹೂದಾನಿಯ ಹಳದಿ ದಂಟನ್ನು ಬಾಯಿಗಿಡುವ ಮಗುವಿಗೆ ಗೊತ್ತಿಲ್ಲ. ಬಾಯಿ ಉರಿದು ನಾಲಿಗೆ ಊದಿದ ಮೇಲೆಯೇ ದೊಡ್ಡವರು ಹೂವಿನ ಕಡೆ ತಿರುಗಿ ನೋಡುವುದು.