ಬಟನ್ ಒತ್ತಿದ್ರ ದೀಪಾನ ಹತ್ತವಲ್ದು

ಧಾರವಾಡದಾಗ ಮಳಿ ಹಿಡದು ಕೂತದ. ಹಿತ್ತಲದಾಗಿನ ಹಗ್ಗ ಖಾಲಿ, ನಡುಮನಿ ತುಂಬ ಅರಿವಿ. ವಾಷಿಂಗ್ ಮಷೀನ್ ಸಿಟ್ಟಾಗೂದೂ ಇಂಥಾ ದಿನದಾಗನ. ಹೋದ ತಿಂಗಳ ನಮ್ಮ ಮನ್ಯಾಗ ಹಂಗ ಆತು. ನಿಮಗೂ ಉಪಯೋಗ ಬೀಳತದ ಅಂತ ಬರ್ಯಾಕತ್ತೇನಿ.

ನಮ್ಮದು ಮುಂದ ಬಾಗಲ ಇರೂ ಮಷೀನ್, ಏಳು ವರ್ಷದ್ದು. ನಮ್ಮ ಅತ್ತಿಯವರಿಗೆ ಈಗ 84. ಹಾಸಿಗಿ ಹಿಡದು ವರ್ಷ ಆತು. ದಿನಾ ಎರಡು ಚಾದರ, ಒಮ್ಮೊಮ್ಮೆ ಮೂರು, ಅದರ ಮ್ಯಾಲೆ ಅವರ ಸೀರಿ, ದುಪ್ಪಟಿ. ವಾಸನಿ ಉಳೀಬಾರದು ಅಂತ 60 ಡಿಗ್ರಿ ಬಿಸಿನೀರಿಗೆ ಹಚ್ಚಿ ಒಗಸ್ತೇನಿ. ಹಂಗಿರೂ ಮುಂದ ಒಂದು ಮುಂಜಾನೆ ಬಟನ್ ಒತ್ತಿದ್ರ ಒಂದೂ ದೀಪ ಹತ್ತಲಿಲ್ಲ. ಸಪ್ಪಳನೂ ಇಲ್ಲ.

ನಮ್ಮ ಮನ್ಯಾರು ಬಂದು ಗ್ವಾಡಿ ಮ್ಯಾಲಿನ ಸ್ವಿಚ್ ನೋಡಿ, "ಕೆಂಪು ದೀಪ ಹತ್ತೇದಲ್ಲ, ಕರೆಂಟ್ ಬಂದದ. ಕೆಟ್ಟದ್ದು ಮಷೀನ್" ಅಂದ್ರು. ರಿಪೇರಿಯವರಿಗೆ ಫೋನ್ ಹಚ್ಚಿದ್ವಿ. ಕಣ್ಣೀಲೆ ನೋಡದನ, "ಬೋರ್ಡ್ ಹೋಗಿರತದ್ರೀ, 7,500 ಆಗ್ತದ. ಬರಾಕ ನಾಲ್ಕು ದಿನ ಬೇಕು" ಅಂದ್ರು. ಬೆಂಗಳೂರಾಗಿರೂ ಮಗ, "ಏಳು ವರ್ಷ ಬಂತಲ್ಲಮ್ಮಾ, ಹೊಸಾದು ತಗೊಂಡುಬಿಡ್ರಿ" ಅಂದ. ಎಲ್ಲಾರೂ ತಮ್ಮ ತಮ್ಮ ಮಾತು ಹೇಳಿ ಮುಗಿಸಿದ್ರು. ಚಾದರ ಮಾತ್ರ ಬಚ್ಚಲದಾಗ ನನ್ನ ದಾರಿ ಕಾಯಾಕತ್ತಿದ್ವು.

ಎರಡು ದಿನ ಕೈಲೆ ಒಗದೆ. ತೊಯ್ದ ಚಾದರ ಹಿಂಡಾಕ ಈ ವಯಸ್ಸಿನಾಗ ಮುಂಗೈ ಮಾತು ಕೇಳಂಗಿಲ್ಲ. ಅತ್ತಿಯವರು ಮಂಚದ ಮ್ಯಾಲೆ ಬಚ್ಚಲದ ಸಪ್ಪಳ ಕೇಳ್ಕೋತ ಮಲಗಿರ್ತಿದ್ರು. ಎರಡನೇ ದಿನ ಸಂಜಿಮುಂದ ನೋಡ್ತೇನಿ, ತಲಿಬುಡಕ ಇಟ್ಟ ತಂಬಿಗಿ ನೀರು ಮುಂಜಾನೆ ತುಂಬಿದಷ್ಟನ ಅದ. ಚಹಾನೂ ಅರ್ಧ ಬಿಟ್ಟಿದ್ರು. "ಯಾಕ್ರೀ ಅತ್ತಿಯಾರ, ನೀರು ಕುಡದಿಲ್ಲಲ್ಲ?" ಅಂದೆ. "ನೀರಡಿಕಿ ಇಲ್ಲ ನಮ್ಮವ್ವಾ" ಅಂದ್ರು. ನಾಲಿಗಿ ಒಣಗಿ ಮಾತು ತೊದಲತಿತ್ತು. ಕುಡದ್ರ ಚಾದರ ತೊಯ್ತದ, ತೊಯ್ದ್ರ ಸೊಸಿ ಒಗೀಬೇಕಾಗ್ತದ, ಅದಕ್ಕ ನೀರು ಬಿಟ್ಟಿದ್ರು. ಚಮಚಾಲೆ ಒಂದು ವಾಟಗಾ ನೀರು ಕುಡಿಸಿದೆ. ಇನ್ನ ನಾಲ್ಕು ದಿನ ಕಾಯೂ ಮಾತು ನನ್ನ ಕಡಿಂದ ಆಗೂದಿರಲಿಲ್ಲ.

ಹೊಲದ ತುದಿಗೆ ನೀರು ಮುಟ್ಟಲಿಲ್ಲ ಅಂದ್ರ ರೈತರು ಕಾಲಿವಿ ಹಿಡದು ನೋಡ್ಕೋತ ಬರ್ತಾರಲ್ಲ, ಹಂಗ ವಿಚಾರ ಮಾಡಿದೆ. ಮಷೀನಿಗೆ ಕರೆಂಟ್ ಬರೂ ದಾರಿ ಅಂದ್ರ ಮೇನ್ ಬೋರ್ಡ್, ಸ್ವಿಚ್, ಸಾಕೆಟ್, ಪ್ಲಗ್, ವಾಯರ್. ಆಮ್ಯಾಲೆ ಮಷೀನ್. ಮೇನ್ ಬೋರ್ಡಿನಾಗ ಎಂಸಿಬಿ ಎಲ್ಲಾ ಮ್ಯಾಲೇ ಇದ್ವು. ಸ್ವಿಚ್ ಬಂದ್ ಮಾಡಿ, ಆ ಕಡಿ ಎಂಸಿಬಿನೂ ಇಳಿಸಿ, ಒಣಾ ಕೈಲೆ ಪ್ಲಗ್ ಕಿತ್ತೆ. ಬ್ಯಾಟರಿ ಬೆಳಕಿನಾಗ ನೋಡಿದ್ರ ಒಂದು ಪಿನ್ ಕರ್ರಗಾಗೇದ, ಸಾಕೆಟ್ಟಿನ ತೂತಿನ ಸುತ್ತ ಪ್ಲಾಸ್ಟಿಕ್ ಕರಗೇದ, ಸುಟ್ಟ ವಾಸನಿ ಬರ್ಲಿಕ್ಕತ್ತದ. ಮುಂದಿನದು ನನ್ನ ಕೆಲಸಲ್ಲ ಅಂತ ಅಲ್ಲೇ ಬಿಟ್ಟು ನಮ್ಮ ಓಣಿ ಎಲೆಕ್ಟ್ರಿಶಿಯನ್ನನ ಕರದೆ.

ಆ ಹುಡುಗ ಬಿಚ್ಚಿ ತೋರ್ಸಿದ. ಸಾಕೆಟ್ಟಿನ ಒಳಗಿನ ಹಿತ್ತಾಳಿ ಪಟ್ಟಿ ಸಡ್ಲಾಗಿ ಪಿನ್ನ ಬಿಗಿ ಹಿಡೀತಿರಲಿಲ್ಲ. ಬಿಸಿನೀರಿಗೆ ಹಚ್ಚಿದಾಗ ಮಷೀನಿನ ಹೀಟರ್ ಸುಮಾರು 2,000 ವ್ಯಾಟ್ ಎಳೀತದ. ನಮ್ಮ 230 ವೋಲ್ಟಿನ ಲೈನಿನಾಗ ಅಂದ್ರ ಹತ್ರಹತ್ರ 9 ಆಂಪ್. ಅಷ್ಟು ಕರೆಂಟ್ ಸಡ್ಲ ಜಾಗಾದಾಗ ಹಾದುಹೋದ್ರ ಅಲ್ಲಿ ಕಾವು ಏರತದ, ಕಾವಿಗೆ ಪಟ್ಟಿ ಇನ್ನಷ್ಟು ಸಡ್ಲಾಗತದ, ಕಡೀಕ ಸುಡತದ. ಮತ್ತ ಆ ಕೆಂಪು ದೀಪ? ಅದು ಸ್ವಿಚ್ ದಾಟಿ ಕರೆಂಟ್ ಬಂದದ ಅಂತಷ್ಟ ಹೇಳತದ. ಸಾಕೆಟ್ಟಿನ ಒಳಗ ಪಿನ್ನಿಗೆ ಮುಟ್ಟೇದೋ ಇಲ್ಲೋ ಅದಕ್ಕ ಗೊತ್ತಾಗಂಗಿಲ್ಲ.

ಹೊಸಾ 16 ಆಂಪಿನ ಸಾಕೆಟ್, ಹೊಸಾ ಪ್ಲಗ್, ಸುಟ್ಟಷ್ಟು ವಾಯರ್ ಕತ್ತರಿಸಿ ಮತ್ತ ಜೋಡಿಸಿದ್ದು, ಮಜೂರಿ, ಎಲ್ಲಾ ಸೇರಿ 450 ರೂಪಾಯಿ. ಮಷೀನಿಗೆ ಏನೂ ಆಗಿರಲಿಲ್ಲ. ಅದು ಗುರ್ ಅಂತ ತಿರಗೂ ಸಪ್ಪಳ ಕೇಳಿ ಅತ್ತಿಯವರು ತಾವಾಗೇ ನೀರು ಬೇಡಿ ಕುಡದ್ರು.

ಈಗ ನಿಮ್ಮ ಮನಿ ಮಾತು. ಮೊದಲ ಎಂಸಿಬಿ ನೋಡ್ರಿ. ಇಳದಿದ್ರ ಪೂರ್ತಿ ಕೆಳಗ ಒತ್ತಿ ಒಂದ ಸಲ ಏರಸ್ರಿ. ಮತ್ತ ಬಿತ್ತಂದ್ರ ಜಬರದಸ್ತಿ ಮಾಡಬ್ಯಾಡ್ರಿ. ಆಮ್ಯಾಲೆ ಸ್ವಿಚ್ ಬಂದ್ ಮಾಡಿ ಪ್ಲಗ್ ಕಿತ್ತು ಪಿನ್ ನೋಡ್ರಿ. ಸ್ವಚ್ಛ ಇದ್ರ ಅದ ಸಾಕೆಟ್ಟಿಗೆ ಇಸ್ತ್ರಿ ಪೆಟಗಿ ಹಚ್ಚಿ ನೋಡ್ರಿ, ಕಾಯ್ತದೋ ಇಲ್ಲೋ. ಮೊಬೈಲ್ ಚಾರ್ಜರ್ ಹಚ್ಚಿ ನಂಬಬ್ಯಾಡ್ರಿ, ಅದಕ್ಕ ಚೂರು ಕರೆಂಟ್ ಸಿಕ್ಕರೂ ಸಾಕು. ಪಿನ್ ಸುಟ್ಟಿದ್ರ ಆ ಪ್ಲಗ್ ಬ್ಯಾರೆ ಸಾಕೆಟ್ಟಿಗೂ ಹಚ್ಚಬ್ಯಾಡ್ರಿ, ಅದನ್ನೂ ಕೆಡಸ್ತದ. ಉದ್ದನ್ನ ಎಕ್ಸ್‌ಟೆನ್ಷನ್ ವಾಯರಿಗೆ ಮಷೀನ್ ಹಚ್ಚೂದು ಬ್ಯಾಡನ ಬ್ಯಾಡ. ವಾಯರ್ ಪೂರ್ತಿ ಕೈಯಾಡಿಸಿ ನೋಡ್ರಿ, ಖರೆ ಪ್ಲಗ್ ಕಿತ್ತ ಮ್ಯಾಲೆ. ಮಳಿಗಾಲದಾಗ ಇಲಿ ಮಷೀನಿನ ಬುಡಕ ಸೇರಿ ವಾಯರ್ ಕಡೀತಾವ.

ಇಷ್ಟೆಲ್ಲಾ ಸರಿ ಇದ್ರ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತ ಹಚ್ರಿ. ಒಮ್ಮೊಮ್ಮೆ ಅಷ್ಟಕ್ಕ ಎಚ್ಚರಾಗ್ತದ. ದೀಪ ಹತ್ತಿ ಮಷೀನ್ ತಿರಗವಲ್ದು ಅಂದ್ರ ಆ ಕಥಿ ಬ್ಯಾರೆ. ಬಾಗಲ ಬಿಗಿ ಕೂತಿಲ್ಲೇನು, ಚೈಲ್ಡ್ ಲಾಕ್ ಬಿದ್ದದೇನು, ನಳ ಬಂದ್ ಅದೇನು ನೋಡ್ರಿ.

ಒಳಗಿನ ಬೋರ್ಡ್ ಮಾತ್ರ ಬಿಚ್ಚಬ್ಯಾಡ್ರಿ. ಪ್ಲಗ್ ಕಿತ್ತ ಮ್ಯಾಲೂ ಅದರಾಗ ಸ್ವಲ್ಪ ಹೊತ್ತು ಕರೆಂಟ್ ನಿಂತಿರತದ. ಮಷೀನ್ ಮುಟ್ಟಿದ್ರ ಕೈ ಜುಮ್ ಅಂದ್ರ ಅರ್ಥಿಂಗ್ ಸರಿ ಇಲ್ಲ ಅಂತ ತಿಳದು ಅವತ್ತ ಬಂದ್ ಮಾಡ್ರಿ. ಪ್ಲಗ್ಗಿನ ದಪ್ಪನ್ನ, ಉದ್ದನ್ನ ಪಿನ್ ಇರೂದ ಅದರ ಸಲುವಾಗಿ.

ಹಾಸಿಗಿ ಹಿಡದ ಹಿರಿಯರು ಮನ್ಯಾಗಿದ್ರ, ಮಷೀನ್ ಬಂದ್ ಬಿದ್ದ ದಿನ ಅವರ ತಂಬಿಗಿ ಕಡೆ ಒಂದು ಕಣ್ಣಿರ್ಲಿ. ಅವರು ಬಾಯಿ ಬಿಟ್ಟು ಹೇಳಂಗಿಲ್ಲ.

ಇವತ್ತ ಅರಿವಿ ಒಗದಾದ ಮ್ಯಾಲೆ ಸ್ವಿಚ್ ಬಂದ್ ಮಾಡಿ, ನಿಮ್ಮ ಮಷೀನಿನ ಪ್ಲಗ್ ಒಮ್ಮೆ ಒಣಾ ಕೈಲೆ ಮುಟ್ಟಿ ನೋಡ್ರಿ. ಕೈಗೆ ಬಿಸಿ ಹತ್ತಿದ್ರ ಸಾಕೆಟ್ ಸಡ್ಲಾಗೇದ ಅಂತ ತಿಳೀರಿ. ಅದು ಸುಡೂಕಿಂತ ಮೊದಲ ಬದಲಿ ಮಾಡಸ್ರಿ.