ಗೆಡ್ಡೆಯ ಅಂಚು

ಕುದುರೆಯ ಮೈಮೇಲಿನ ಗಂಟನ್ನು ನಾನು ಮೊದಲು ನೋಡುವುದು ಬೆರಳಿನಿಂದ. ಚರ್ಮದ ಜೊತೆ ಜಾರುತ್ತದೆಯೇ, ಒಳಗಿನ ಮಾಂಸಕ್ಕೆ ಕಚ್ಚಿಕೊಂಡಿದೆಯೇ, ಸುತ್ತಲಿನ ಕೂದಲು ಉದುರಿದೆಯೇ? ಆ ಕೆಲವು ನಿಮಿಷಗಳಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಇಲ್ಲ.

ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ಮಕ್ಕಳನ್ನು ಹೊತ್ತು ತಿರುಗುವ ಕುದುರೆಗಳು, ವಿಜಯವಾಡದ ಮದುವೆ ಮೆರವಣಿಗೆಯ ಬಿಳಿ ಕುದುರೆಗಳು: ಸೆಕೆ, ನೊಣ, ಒದ್ದೆ ನೆಲ ಇವುಗಳ ಚರ್ಮವನ್ನು ಸುಮ್ಮನೆ ಬಿಡುವುದಿಲ್ಲ. ನೊಣ ತಂದುಹಾಕಿದ ಜಂತುಮರಿಗಳ ಬೇಸಿಗೆ ಹುಣ್ಣು, ನಿಂತ ನೀರಿನ ಪಿಥಿಯಂ ಹುಣ್ಣು, ಗಾಯದಲ್ಲಿ ಉಬ್ಬಿದ ದುರ್ಮಾಂಸ, ಎಲ್ಲವೂ ಗೆಡ್ಡೆಯ ವೇಷ ಹಾಕಬಲ್ಲವು. ಹುಣ್ಣಿನೊಳಗೆ ಹವಳದ ಚೂರಿನಂಥ ಹಳದಿ ಹರಳು ಸಿಕ್ಕರೆ ನನ್ನ ಗುಮಾನಿ ಪಿಥಿಯಂ ಕಡೆ ತಿರುಗುತ್ತದೆ.

ನಿಜವಾದ ಗೆಡ್ಡೆಗಳಲ್ಲಿ ಸಾರ್ಕಾಯಿಡ್‌ನದೇ ಮೇಲುಗೈ. 1936ರಲ್ಲಿ ದಕ್ಷಿಣ ಆಫ್ರಿಕಾದ ಜಾಕ್ಸನ್ ಅದನ್ನು ವಿವರಿಸಿದರು. ಅದರ ಬೇರು ದನಗಳ ನರಹುಲಿಯ ವೈರಸ್‌ನಲ್ಲಿದೆ. ದನದ ಮೈಯಲ್ಲಿ ಸಾಮಾನ್ಯವಾಗಿ ತಾನೇ ಉದುರಿಹೋಗುವ ನರಹುಲಿ, ಕುದುರೆಗೆ ಬಂದಾಗ ಇಷ್ಟೊಂದು ಹಠ ಹಿಡಿಯುವುದು ನನಗೆ ಇಂದಿಗೂ ಅಚ್ಚರಿ. ಅದು ಒಳಗಿನ ಅಂಗಗಳಿಗೆ ಹರಡುವುದಿಲ್ಲ, ಆದರೆ ಕೊಯ್ದ ಜಾಗದಲ್ಲೇ ಮರಳಿ ಹುಟ್ಟುತ್ತದೆ. ಪರೀಕ್ಷೆಗೆಂದು ಚೂರು ಕಿತ್ತರೂ ಕೆರಳಬಹುದು. ಹಾಗಾಗಿ ಚಿಕ್ಕದಿದ್ದರೆ ಇಡಿಯಾಗಿ ತೆಗೆದು, ಫಾರ್ಮಲಿನ್‌ನಲ್ಲಿಟ್ಟು ಕಳಿಸುವುದೇ ನನಗಿಷ್ಟ. ವಿಜಯವಾಡದ ಪಕ್ಕದ ಗನ್ನವರಂನಲ್ಲಿ ಪಶುವೈದ್ಯ ಕಾಲೇಜೇ ಇರುವುದು ಇಲ್ಲಿನವರಿಗೆ ದೊಡ್ಡ ಆಸರೆ.

ಬಿಳಿ ಕುದುರೆಗಳದು ಬೇರೆ ಕಥೆ. ಕಪ್ಪಾಗಿಯೋ ಕಂದಾಗಿಯೋ ಹುಟ್ಟಿ ವರ್ಷ ಕಳೆದಂತೆ ಬೆಳ್ಳಗಾಗುವ ಕುದುರೆಗೆ 15 ದಾಟಿದರೆ, ಬಾಲವೆತ್ತಿ ನೋಡದೆ ನಾನು ಬಿಡುವುದಿಲ್ಲ. ಮೆಲನೋಮಾದ ಕಪ್ಪು ಗಂಟುಗಳು ಹೆಚ್ಚಾಗಿ ಅಲ್ಲೇ ಅಡಗಿರುತ್ತವೆ.

ಇನ್ನು ಕೊಯ್ಯುವ ಕೆಲಸ. ಮಂಪರು ತರುವ ಜೈಲಜೀನ್ ಏರಿದೊಡನೆ ಕುದುರೆ ತಲೆ ತಗ್ಗಿಸುತ್ತದೆ, ಕೆಳತುಟಿ ಜೋಲುತ್ತದೆ. ಜಾಗ ಮರಗಟ್ಟಲು ಲಿಗ್ನೊಕೇನ್ ಚುಚ್ಚಿ ಕಾಯುತ್ತೇನೆ. ಸಾರ್ಕಾಯಿಡ್ ಆದರೆ ಸುತ್ತ 1–2 ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ ಗೆರೆ ಹಾಕಬೇಕು. ಆರೋಗ್ಯವಂತ ಚರ್ಮವನ್ನು ಕೊಯ್ಯಲು ಕೈ ಹಿಂಜರಿಯುತ್ತದೆ. ಹಿಂಜರಿದರೆ ರೋಗ ಉಳಿಯುತ್ತದೆ. ಎದೆಯಲ್ಲಾದರೆ ಚರ್ಮ ಎಳೆದಷ್ಟು ಬರುತ್ತದೆ, ಹೊಲಿಗೆ ಕೂಡುತ್ತದೆ. ಮೊಣಕಾಲಿನ ಕೆಳಗೆ ಆ ಸಡಿಲವೇ ಇಲ್ಲ. ಗಾಯವನ್ನು ತೆರೆದಿಟ್ಟು, ದುರ್ಮಾಂಸ ಏಳದಂತೆ ವಾರಗಟ್ಟಲೆ ಪಟ್ಟಿ ಕಟ್ಟಬೇಕು. ಗೆಡ್ಡೆ ಹೊರಬಂದ ಮೇಲೆ ಕೈಗವಸು, ಹತಾರ ಎಲ್ಲ ಬದಲಿಸುತ್ತೇನೆ. ಹಳೆಯ ಚಾಕುವೇ ರೋಗದ ಕಣಗಳನ್ನು ಹೊಸ ಗಾಯಕ್ಕೆ ಬಿತ್ತಬಹುದು. ಅನುಮಾನವಿದ್ದರೆ ದ್ರವ ಸಾರಜನಕದಿಂದ ತಳವನ್ನು ಹೆಪ್ಪುಗಟ್ಟಿಸುತ್ತೇನೆ.

“ಮತ್ತೆ ಬೀಚಿಗೆ ಯಾವಾಗ, ಡಾಕ್ಟರು ಗಾರೂ?” ಎಂದು ಮಾಲೀಕ ಕೇಳುತ್ತಾನೆ. ಅವನ ಮನೆಯ ಒಲೆ ಆ ಕುದುರೆಯಿಂದಲೇ ಉರಿಯುವುದು. ಹೊಲಿಗೆ ಬಿಚ್ಚಲು ಎರಡು ವಾರ ಎನ್ನುತ್ತೇನೆ. ಅಷ್ಟರಲ್ಲಿ ವರದಿಯೂ ಬಂದಿರುತ್ತದೆ. ಅದರಲ್ಲಿ ಗೆಡ್ಡೆಯ ಹೆಸರಿಗಿಂತ ಮೊದಲು ನಾನು ಓದುವುದು ಅಂಚಿನ ಬಗ್ಗೆ ಬರೆದ ಸಾಲನ್ನು.